ಮುಳುಗಿದ ಮನೆಯಲ್ಲಿ ಬಚ್ಚಲು ಎಲ್ಲಿತ್ತು? ಹಿರಿಯರ ನೆನಪು ಉಳಿಸಿಕೊಳ್ಳುವ ಬಗೆ

ಮೊದಲ ಸಲ ಅಜ್ಜಿಯ ಎದುರು ಫೋನು ಹಿಡಿದು ಕೂತಾಗ ನಾನು ಕೇಳಿದ್ದು ಇಷ್ಟು: "ಅಜ್ಜಿ, ನಿಮ್ಮ ಜೀವನದ ಕಥೆ ಹೇಳಿ."

ಅಜ್ಜಿ ನನ್ನ ಮುಖ ನೋಡಿದರು. "ಎಂತ ಕಥೆ ಮಾರಾಯ? ಹುಟ್ಟಿದೆ, ಮದುವೆ ಆಯ್ತು, ಮಕ್ಕಳಾದ್ವು. ಮುಳುಗಡೆ ಆಯ್ತು, ಇಲ್ಲಿಗೆ ಬಂದ್ವಿ. ಮತ್ತೆಂತ ಇಲ್ಲೆ."

ರೆಕಾರ್ಡಿಂಗ್ ನಾಲ್ಕು ನಿಮಿಷ. ಅದರಲ್ಲಿ ಎರಡು ನಿಮಿಷ ಕುಕ್ಕರ್ ಕೂಗಿದ್ದು.

ಎರಡನೇ ಸಲ ನಾನು ಕಥೆ ಕೇಳಲಿಲ್ಲ. "ಆ ಮನೇಲಿ ಬಚ್ಚಲು ಎಲ್ಲಿತ್ತು?" ಎಂದೆ, ಸುಮ್ನೆ. ಶರಾವತಿ ಹಿನ್ನೀರಲ್ಲಿ ಮುಳುಗಿದ ಮನೆ ಅದು. ಅಜ್ಜಿ ಮೊದಲು ಕೈಯಲ್ಲಿ ತೋರಿಸಿದರು. ನನಗೆ ತಿಳಿಯಲಿಲ್ಲ. ಸಿಟ್ಟು ಬಂದು ಎದ್ದು ಹೋಗಿ ರಂಗೋಲಿ ಪುಡಿ ತಂದರು. ಜಗಲಿಯ ಸಿಮೆಂಟು ನೆಲದ ಮೇಲೆ ಗೆರೆ ಎಳೆದರು. ಇದು ದಣಪೆ, ಅಂದರೆ ಬೇಲಿಯ ಬಾಗಿಲು. ಇದು ಅಂಗಳ. ಇಲ್ಲಿ ಕೊಟ್ಟಿಗೆ. ಬಚ್ಚಲಿಗೆ ಬಂದಾಗ ಕೈ ನಿಂತಿತು. ಅಲ್ಲಿ ಒಲೆಗೆ ಹುಗಿದು ಮಣ್ಣು ಮೆತ್ತಿದ್ದ ತಾಮ್ರದ ಹಂಡೆ ಇತ್ತಂತೆ. ಹೊರಗೆ ಲಾರಿ ನಿಂತಿದೆ, ಹಂಡೆ ಬರುತ್ತಿಲ್ಲ. ಮಾವ ಹಾರೆ ತಂದು ಒಲೆಯನ್ನೇ ಒಡೆದರು. ಒಂದು ಪೆಟ್ಟು ಹಂಡೆಗೂ ಬಿತ್ತು. ನಮ್ಮ ಹಿತ್ತಿಲಲ್ಲಿ ದನಕ್ಕೆ ನೀರಿಡುವ ಹಂಡೆಗೆ ಒಂದು ತಗ್ಗು ಇದೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಆ ದಿನದ ರೆಕಾರ್ಡಿಂಗ್ ಒಂದು ಗಂಟೆ ಹತ್ತು ನಿಮಿಷ.

ಹಾಗಾಗಿ ನನ್ನ ಮೊದಲ ಸಲಹೆ: ಕಥೆ ಕೇಳಬೇಡಿ. ಜಾಗ ಕೇಳಿ, ಸಾಮಾನು ಕೇಳಿ, ಕೆಲಸ ಕೇಳಿ. ಕಥೆ ಅದರ ಹಿಂದೆಯೇ ಬರುತ್ತದೆ.

ಯಾರಿಂದ ಶುರು ಮಾಡಬೇಕು

ಮನೆಯಲ್ಲಿ ಚೆನ್ನಾಗಿ ಮಾತಾಡುವ ಚಿಕ್ಕಪ್ಪ ಒಬ್ಬರು ಇದ್ದೇ ಇರುತ್ತಾರೆ. ಅವರಿಂದ ಶುರು ಮಾಡುವ ಆಸೆ ಆಗುತ್ತದೆ. ಬೇಡ. ಅವರು ಮುಂದಿನ ವರ್ಷವೂ ಮಾತಾಡುತ್ತಾರೆ. ಎಲ್ಲರಿಗಿಂತ ವಯಸ್ಸಾದವರು, ಕಿವಿ ಮಂದವಾಗುತ್ತಿರುವವರು, ಹೆಸರು ಮರೆಯಲು ಶುರುವಾಗಿರುವವರು ಮೊದಲು. ಅವರಾದ ಮೇಲೆ ಸೊಸೆಯಂದಿರು. ಹುಟ್ಟಿದ ಮನೆಯನ್ನು ಯಾರೂ ಕಣ್ಣಿಟ್ಟು ನೋಡಿರುವುದಿಲ್ಲ. ಹದಿನಾರಕ್ಕೋ ಹದಿನೆಂಟಕ್ಕೋ ಮದುವೆಯಾಗಿ ಬಂದವರು ಆ ಮನೆಯ ಒಂದೊಂದು ಪದ್ಧತಿಯನ್ನೂ ಕಲಿಯಬೇಕಾಯಿತು. ಹಾಗಾಗಿ ಅವರಿಗೆ ನೆನಪು ಜಾಸ್ತಿ.

ಹಳೇ ಕೆಲಸದವರು, ನೆರೆಮನೆಯವರನ್ನೂ ಬಿಡಬೇಡಿ. ನಿಮ್ಮ ಅಜ್ಜ ಹೇಗಿದ್ದರು ಅನ್ನುವುದಕ್ಕೆ ಮನೆಯವರ ಉತ್ತರ ಒಂದು, ತೋಟದ ಕೆಲಸಕ್ಕೆ ಬರುತ್ತಿದ್ದವರ ಉತ್ತರ ಇನ್ನೊಂದು.

ಕೂರುವ ಮುಂಚೆ

ದುಬಾರಿ ಮೈಕು ಬೇಕಿಲ್ಲ. ಫೋನಿನಲ್ಲಿರುವ ವಾಯ್ಸ್ ರೆಕಾರ್ಡರ್ ಸಾಕು. ಆದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ. ನಾನು ಹಾಕದೆ ಒಂದು ಸಲ ಮಧ್ಯದಲ್ಲಿ ಕರೆ ಬಂದು ರೆಕಾರ್ಡಿಂಗ್ ನಿಂತುಹೋಗಿತ್ತು. ಅದು ತಿಳಿದದ್ದು ನಲವತ್ತು ನಿಮಿಷ ಆದ ಮೇಲೆ. "ಇನ್ನೊಂದ್ಸಲ ಹೇಳಿ" ಅಂದರೆ ಅದೇ ಮಾತು ಮತ್ತೆ ಬರುವುದಿಲ್ಲ, ಅದರ ಸಾರಾಂಶ ಬರುತ್ತದೆ.

ಫೋನನ್ನು ಮೇಜಿನ ಮೇಲೆ ಬರಿದೇ ಇಡಬೇಡಿ. ಮಡಿಸಿದ ಟವೆಲ್ಲಿನ ಮೇಲೆ, ಬಾಯಿಂದ ಮೊಳ ದೂರದಲ್ಲಿ ಇಡಿ. ಫ್ಯಾನು ಆರಿಸಿ. ಫ್ಯಾನಿನ ಸದ್ದು ಕಿವಿಗೆ ಕೇಳುವುದಿಲ್ಲ, ರೆಕಾರ್ಡಿಂಗಿನಲ್ಲಿ ಜಡಿಮಳೆ ಹಾಗೆ ಕೇಳುತ್ತದೆ. ಟಿವಿಯೂ ಬೇಡ. ಕೋಳಿ, ಕಾಗೆ, ಬಾವಿಯ ಗಡಗಡೆ ಇರಲಿ ಬಿಡಿ. ಅವೂ ಆ ಮನೆಯವೇ.

ರೆಕಾರ್ಡ್ ಒತ್ತಿದ ಕೂಡಲೇ ದಿನಾಂಕ, ಊರು, ಯಾರು ಮಾತಾಡುತ್ತಿದ್ದಾರೆ ಎಂದು ನೀವೇ ಹೇಳಿಬಿಡಿ. ಫೈಲಿನ ಹೆಸರು ಯಾವತ್ತಾದರೂ ಬದಲಾದೀತು, ಒಳಗಿನ ದನಿ ಬದಲಾಗುವುದಿಲ್ಲ.

ವಿಡಿಯೋ ಮಾಡಬೇಕಾ? ಬೇಕು, ಆದರೆ ಹತ್ತು ನಿಮಿಷ ಸಾಕು. ಕ್ಯಾಮೆರಾ ಕಂಡರೆ ನಮ್ಮಜ್ಜಿ ಸೆರಗು ಸರಿಮಾಡಿಕೊಂಡು ಪುಸ್ತಕದ ಕನ್ನಡ ಮಾತಾಡಲು ಶುರುಮಾಡುತ್ತಾರೆ. ಬರೀ ಧ್ವನಿಯಾದರೆ ಫೋನು ಇದೆ ಅನ್ನುವುದನ್ನೇ ಮರೆಯುತ್ತಾರೆ. ಕೈಯಿಂದ ಮಾಡಿ ತೋರಿಸುವ ಕೆಲಸಕ್ಕೆ ಮಾತ್ರ ವಿಡಿಯೋ: ಬತ್ತಿ ಹೊಸೆಯುವುದು, ಅಡಿಕೆ ಸುಲಿಯುವುದು, ಕೌದಿ ಹೊಲಿಯುವುದು, ರೊಟ್ಟಿ ಬಡಿಯುವುದು.

ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಹೇಳಿಯೇ ಮಾಡಿ. ಕದ್ದು ಮಾಡಬೇಡಿ.

ಕೇಳುವ ಕ್ರಮ

ಒಂದು ದಿನಕ್ಕೆ ಒಂದು ವಿಷಯ, ನಲವತ್ತು ನಿಮಿಷ. ಅವರೇ ಮುಂದುವರಿಸಿದರೆ ಸರಿ, ನೀವಾಗಿ ಎಳೆಯಬೇಡಿ. ಬೆಳಗಿನ ತಿಂಡಿ ಆದ ಮೇಲೆ ಒಳ್ಳೆಯ ಹೊತ್ತು. ಕೈಗೆ ಏನಾದರೂ ಕೆಲಸವಿದ್ದರೆ ಇನ್ನೂ ಒಳ್ಳೆಯದು. ಅವರೆಕಾಯಿ ಬಿಡಿಸುತ್ತಾ ಆಡುವ ಮಾತು ಸುಮ್ನೆ ಕೂತು ಆಡುವ ಮಾತಿಗಿಂತ ಸಲೀಸು.

ಮೊದಲ ದಿನ ಮನೆಯ ನಕ್ಷೆ ಹಾಕಿಸಿ. ಇದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟವರಿರಲಿ, ಬೆಂಗಳೂರಿನ ವಠಾರದಲ್ಲಿ ಬೆಳೆದವರಿರಲಿ. ನಕ್ಷೆ ಮುಗಿದ ಮೇಲೆ ಒಂದೊಂದು ಕೋಣೆಗೂ ಕೇಳುತ್ತಾ ಹೋಗಿ. ಇಲ್ಲಿ ಯಾರು ಮಲಗುತ್ತಿದ್ದರು? ಯಾರಿಗೆ ಇಲ್ಲಿ ಬರುವಂತಿರಲಿಲ್ಲ? ದೀಪ ಎಲ್ಲಿಡುತ್ತಿದ್ದಿರಿ? ಮೂರು ದಿನ ಹೊರಗೆ ಕೂರುವಾಗ ಎಲ್ಲಿ? ಬಾಣಂತಿ ಕೋಣೆ ಯಾವುದು? ಅಟ್ಟದ ಮೇಲೆ ಏನಿತ್ತು? ಅಳಬೇಕು ಅನ್ನಿಸಿದರೆ ಎಲ್ಲಿಗೆ ಹೋಗುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ನಮ್ಮಜ್ಜಿ ತಕ್ಷಣ ಉತ್ತರ ಕೊಟ್ಟರು: "ಕೊಟ್ಟಿಗೆಗೆ. ದನ ಯಾರಿಗೂ ಹೇಳ್ತಿರ್ಲಿಲ್ಲ."

ಮುಂದಿನ ದಿನಗಳಿಗೆ ಬೇರೆ ಬೇರೆ ಬಾಗಿಲು. ಪೆಟ್ಟಿಗೆಯಲ್ಲಿರುವ ಒಂದು ಸೀರೆ. ಮೊದಲು ಕೈಗೆ ಬಂದ ಸಂಬಳ. ನಡೆದುಕೊಂಡು ಹೋದ ಅತಿ ದೂರದ ಊರು. ಹೇಳಿಕೊಟ್ಟವರು ಯಾರು ಅನ್ನುವುದರ ಜೊತೆ ಒಂದು ಅಡುಗೆ. ಬೀಸುವ ಪದ, ಸೋಬಾನೆ, ಜೋಗುಳ ಗೊತ್ತಿದ್ದವರಿದ್ದರೆ ಹಾಡಿಸಿ. ಹೆಸರು, ದಿನ ಎಲ್ಲ ಮರೆತವರಿಗೂ ಎಷ್ಟೋ ಸಲ ಹಾಡು ನೆನಪಿರುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಇದು ಕಷ್ಟ. ನನ್ನ ಮೊದಲ ರೆಕಾರ್ಡಿಂಗುಗಳಲ್ಲಿ ಅಜ್ಜಿ ಉಸಿರೆಳೆದುಕೊಂಡಾಗೆಲ್ಲ ನಾನು ಮಾತಾಡಿದ್ದೇನೆ. ಹತ್ತು ಎಣಿಸುವಷ್ಟು ಹೊತ್ತು ತಡೆದರೆ ಮುಂದಿನ ಮಾತು ಬರುತ್ತದೆ.

ಇನ್ನೊಂದು ಅಡ್ಡಿ, ಪಕ್ಕದಲ್ಲಿ ಕೂತು ಉತ್ತರ ಕೊಡುವವರು. "ಅಮ್ಮಂಗೆ ಈಗ ಅದೆಲ್ಲ ನೆನಪಿಲ್ಲ, ನಾ ಹೇಳ್ತೀನಿ ಕೇಳು" ಅನ್ನುವ ಮಗನೋ ಮಗಳೋ ಇರುತ್ತಾರೆ. ಅವರನ್ನು ಕಾಫಿ ಮಾಡಲು ಕಳಿಸಿ. ಅಕ್ಕತಂಗಿಯರಿಬ್ಬರನ್ನು ಒಟ್ಟಿಗೆ ಕೂರಿಸಿದರೆ ಮಾತ್ರ ಮಜಾ ಬೇರೆ. ಒಬ್ಬರು ತಪ್ಪು ಹೇಳುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಆ ಜಗಳದಲ್ಲಿ ನಿಮಗೆ ಕೇಳಲು ಗೊತ್ತೇ ಇಲ್ಲದಿದ್ದ ವಿಷಯ ಹೊರಬೀಳುತ್ತದೆ.

ಇಸವಿ ಕೇಳಬೇಡಿ

"ಅದು ಯಾವ ವರ್ಷ?" ಅಂದರೆ ಹಿರಿಯರು ಗಾಬರಿಯಾಗುತ್ತಾರೆ, ಇಲ್ಲವೇ ಏನೋ ಒಂದು ಹೇಳಿಬಿಡುತ್ತಾರೆ. ಅವರ ಕಾಲಮಾನ ಬೇರೆ. ನಮ್ಮ ಕಡೆ ಎಲ್ಲಕ್ಕೂ ಒಂದೇ ಗೂಟ: ಮುಳುಗಡೆಗೆ ಮುಂಚೆಯೋ, ಆಮೇಲೋ? ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಆಚೆ ಈಚೆ ಇಟ್ಟರೆ ಅರ್ಧ ಲೆಕ್ಕ ಮುಗಿಯಿತು.

ನಿಮ್ಮ ಊರಿನ ಗೂಟ ಯಾವುದು ಎಂದು ಹುಡುಕಿ. ಕಲಬುರಗಿ, ಬೀದರ್ ಕಡೆಯಾದರೆ ರಜಾಕಾರರ ಗಲಾಟೆ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ಧಾರವಾಡ, ಬೆಳಗಾವಿ ಕಡೆ 1956ರ ಏಕೀಕರಣ. ಆಣೆ ಲೆಕ್ಕ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್. ಚೀನಾ ಯುದ್ಧ 1962. ಉಳುವವನೇ ಹೊಲದೊಡೆಯ ಆದದ್ದು 1974ರ ಕಾನೂನಿನಿಂದ; ಗೇಣಿ ಮಾಡುತ್ತಿದ್ದ ಮನೆಗೂ ಗೇಣಿ ಪಡೆಯುತ್ತಿದ್ದ ಮನೆಗೂ ಅದು ಮರೆಯದ ವರ್ಷ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆ ಎಂದು ಹೆದರಿದ್ದು 1979ರ ಜುಲೈ. ಹಾಡಹಗಲೇ ಕತ್ತಲಾಗಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತ ಖಗ್ರಾಸ ಗ್ರಹಣ 1980ರ ಫೆಬ್ರವರಿ 16.

ಕೆಲವರು ಸಂವತ್ಸರ ಹೇಳುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಿ, ಪಂಚಾಂಗ ನೋಡಿ ಆಮೇಲೆ ಇಸವಿ ಹಾಕಿ. ಸರ್ವಜಿತು ಅಂದರೆ 1947-48. 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತದೆ, ಹಾಗಾಗಿ 2007-08 ಕೂಡ ಸರ್ವಜಿತುವೇ. ಯುಗಾದಿಗೆ ಸಂವತ್ಸರ ಬದಲಾಗುವುದರಿಂದ ಜನವರಿ, ಫೆಬ್ರವರಿ ಹಿಂದಿನ ಸಂವತ್ಸರಕ್ಕೇ ಸೇರುತ್ತವೆ ಎನ್ನುವುದನ್ನು ಮರೆಯಬೇಡಿ. "ಧಾತು ಬರ" ಎಂದು ಯಾರಾದರೂ ಅಂದರೆ ಅದು 1876ರ ಬರ. ಅವರು ಕಂಡದ್ದಲ್ಲ, ಅವರ ಅಜ್ಜಿ ಹೇಳಿದ್ದು. ಅಂಥ ಮಾತು ಸಿಕ್ಕರೆ ಬಂಗಾರ.

ವಯಸ್ಸು ತಿಳಿಯಲೂ ಇದೇ ಉಪಾಯ. "ಎಷ್ಟು ವರ್ಷ ಆಗಿತ್ತು" ಬೇಡ. "ಆಗ ನೀವು ಲಂಗ ಉಡ್ತಿದ್ರಾ, ಸೀರೆನಾ?" "ದೊಡ್ಡವನು ಹುಟ್ಟಿದ್ನಾ?" ಎಂದು ಕೇಳಿ. ಆಧಾರ್ ಕಾರ್ಡಿನ ಜನ್ಮದಿನವನ್ನಂತೂ ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಒಂದು ಇಡೀ ತಲೆಮಾರು ನಮ್ಮಲ್ಲಿದೆ ಅಲ್ವಾ.

ಹೇಳಬಾರದು ಅಂದದ್ದು

ಆಸ್ತಿ ಜಗಳ, ಓಡಿಹೋದ ಅತ್ತೆ, ಎರಡನೇ ಮದುವೆ, ಬಾವಿಗೆ ಬಿದ್ದವರು. ಪ್ರತಿ ಮನೆಯಲ್ಲೂ ಇದೆ. ಅವರಾಗಿ ಹೇಳಿದರೆ ಕೇಳಿ. ಕೆದಕಬೇಡಿ. "ಇದನ್ನ ಬರೀಬೇಡ" ಅಂದರೆ ಬರೆಯಬೇಡಿ. ಬೇರೆ ಫೈಲಿನಲ್ಲಿಟ್ಟು, ಯಾವಾಗ ತೆರೆಯಬಹುದು ಎಂದು ಅವರನ್ನೇ ಕೇಳಿ. ನಮ್ಮ ಮನೆಯದೊಂದು ರೆಕಾರ್ಡಿಂಗಿಗೆ "ನಾನು ಹೋದ ಹತ್ತು ವರ್ಷಕ್ಕೆ" ಅನ್ನುವ ಷರತ್ತಿದೆ. ಯಾವುದನ್ನೂ ಕುಟುಂಬದ ವಾಟ್ಸಾಪ್ ಗ್ರೂಪಿಗೆ ನೇರವಾಗಿ ಹಾಕಬೇಡಿ. ಒಂದು ಮಾತಿನ ತುಂಡು ಮೂರು ಮನೆ ಒಡೆಯುತ್ತದೆ.

ಫೋಟೋಗಳು

ಹಾಳಾಗುವ ಫೋಟೋಗಿಂತ ಹೆಸರಿಲ್ಲದ ಫೋಟೋ ದೊಡ್ಡ ನಷ್ಟ. ಅದಕ್ಕೇ ಸ್ಕ್ಯಾನಿಂಗಿಗೂ ಮೊದಲು ಹೆಸರು. ಆಲ್ಬಮ್ಮು ಹಿಡಿದು ಹಿರಿಯರ ಪಕ್ಕ ಕೂತು, ರೆಕಾರ್ಡರ್ ಹಾಕಿ, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಹೇಳಿಸಿ. "ಅಪ್ಪ", "ದೊಡ್ಡಮ್ಮ" ಅಂದರೆ ಸಾಲದು. ಯಾರ ಅಪ್ಪ? ಇಪ್ಪತ್ತು ವರ್ಷದ ಮೇಲೆ ನೋಡುವವನಿಗೆ ಗೊತ್ತಾಗಬೇಕು. ಹೆಸರನ್ನು ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಏಳುತ್ತದೆ.

ಸ್ಕ್ಯಾನರ್ ಸಿಕ್ಕರೆ ಫೋಟೋಕ್ಕೆ 600 ಡಿಪಿಐ, ಕಾಗದಪತ್ರಕ್ಕೆ 300 ಸಾಕು. ಇಲ್ಲದಿದ್ದರೆ ಕಿಟಕಿಯ ಬೆಳಕಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು, ಫೋನನ್ನು ಫೋಟೋಕ್ಕೆ ಸಮನಾಗಿ ಹಿಡಿದು ತೆಗೆಯಿರಿ. ಫ್ಲಾಶ್ ಬೇಡ. ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಮೊಹರು, ಊರಿನ ಹೆಸರು ಅಲ್ಲೇ ಇರುತ್ತದೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಲು ಹೋಗಬೇಡಿ, ಗಾಜಿನ ಸಮೇತ ತೆಗೆಯಿರಿ.

ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಮುತ್ತಜ್ಜನ ಇದ್ದ ಒಂದೇ ಫೋಟೋವನ್ನು ನಾವು ಪೇಟೆಯ ಅಂಗಡಿಯೊಂದರಲ್ಲಿ "ಭದ್ರವಾಗಿರಲಿ" ಎಂದು ಮಾಡಿಸಿದೆವು. ಬಿಸಿಗೆ ಬಣ್ಣ ತಿರುಗಿತು. ಈಗ ಬಿಡಿಸಲೂ ಆಗುವುದಿಲ್ಲ. ಅಂಟು ಹಾಳೆಯ, ಮೇಲೆ ಪ್ಲಾಸ್ಟಿಕ್ ಮುಚ್ಚುವ ಹಳೇ ಆಲ್ಬಮ್ಮುಗಳೂ ಶತ್ರುಗಳೇ. ಸುಲಭವಾಗಿ ಬರುವ ಫೋಟೋಗಳನ್ನು ತೆಗೆದು ಕಾಗದದ ಲಕೋಟೆಯಲ್ಲಿಡಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊರಗೋಡೆಗೆ ತಾಗಿದ ಬೀರು ಬೇಡ, ಅಲ್ಲಿ ತಂಡಿ ಬೇಗ ಹಿಡಿಯುತ್ತದೆ.

ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು, ಟೇಪ್ ರೆಕಾರ್ಡರಿನ ಕ್ಯಾಸೆಟ್ಟುಗಳಿದ್ದರೆ ಈ ವರ್ಷವೇ ಡಿಜಿಟಲ್ ಮಾಡಿಸಿ. ಬೂಜು ಹಿಡಿದದ್ದನ್ನು ಪ್ಲೇಯರಿಗೆ ಹಾಕಬೇಡಿ, ಟೇಪು ತುಂಡಾಗುತ್ತದೆ. ವಿಎಚ್‌ಎಸ್ ಪ್ಲೇಯರುಗಳ ತಯಾರಿಕೆ 2016ಕ್ಕೇ ನಿಂತಿದೆ. ಇರುವ ಮಿಷನ್ನುಗಳು ಕೆಟ್ಟರೆ ಅಷ್ಟೇ.

ಕಾಗದಪತ್ರ ಮತ್ತು ವಂಶವೃಕ್ಷ

ಪಹಣಿ, ಗೇಣಿ ಚೀಟಿ, ಶಾಲೆಯ ಟಿಸಿ, ಲಗ್ನಪತ್ರಿಕೆ, ಮುಯ್ಯಿ ಬರೆದ ಪುಸ್ತಕ, ಕಿರಾಣಿ ಲೆಕ್ಕ. ಯಾವುದನ್ನೂ ಎಸೆಯುವ ಮೊದಲು ಫೋಟೋ ತೆಗೆಯಿರಿ. ಮುಯ್ಯಿ ಪುಸ್ತಕದಲ್ಲಿ ಇಡೀ ನೆಂಟಸ್ತನ ಸಿಗುತ್ತದೆ. ಉತ್ತರ ಕರ್ನಾಟಕದ ಹಳೇ ಕಾಗದಗಳು ಮೋಡಿ ಲಿಪಿಯಲ್ಲಿರಬಹುದು, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ ಅದು. ಓದಲು ಬರುವುದಿಲ್ಲ ಎಂದು ಬೆಂಕಿಗೆ ಹಾಕಬೇಡಿ. ಕಪ್ಪು ಬಟ್ಟೆಯ ಮಡಿಕೆಯ ಕಡತ, ತಾಳೆಗರಿ ಸಿಕ್ಕರೆ ಒರೆಸುವುದು, ಎಣ್ಣೆ ಹಚ್ಚುವುದು ಮಾಡದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತಿಳಿದವರಿಗೆ ತೋರಿಸಿ. ಕಡತದ ಬರಹ ಬಳಪದ್ದು. ಒಂದು ಒರೆಸಿಗೆ ಹೋಗುತ್ತದೆ.

ವಂಶವೃಕ್ಷ ಅಂದರೆ ನಮ್ಮಲ್ಲಿ ಆಸ್ತಿಗೆ ಬೇಕಾದ ಸರ್ಕಾರಿ ಕಾಗದ ಎಂದೇ ಆಗಿದೆ. ನೀವು ಬರೆಯುವುದು ಅದಲ್ಲ. ನಮ್ಮ ಮನೆಯ ಹಳೇ ವಂಶವೃಕ್ಷದಲ್ಲಿ ಐದು ತಲೆಮಾರಿನ ಗಂಡಸರಿದ್ದಾರೆ, ಒಬ್ಬ ಹೆಂಗಸಿನ ಹೆಸರಿಲ್ಲ. ಹಾಗಾಗಿ ತಾಯಿಯ ಕಡೆಯಿಂದ ಶುರುಮಾಡಿ: ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ. ತವರಿನ ಊರು ಬರೆಯಿರಿ. ಮದುವೆಗೆ ಮುಂಚಿನ ಹೆಸರು ಕೇಳಿ. "ನಿಮ್ಮನ್ನ ಚಿಕ್ಕವರಿದ್ದಾಗ ಏನಂತ ಕರೀತಿದ್ರು?" ಎಂದಾಗ ನಮ್ಮಜ್ಜಿ ಬೇರೊಂದು ಹೆಸರು ಹೇಳಿದರು. ಪಕ್ಕದಲ್ಲಿದ್ದ ಅಪ್ಪನಿಗೂ ಅದು ಗೊತ್ತಿರಲಿಲ್ಲ. ತೀರಿಕೊಂಡ ಶಿಶುಗಳನ್ನೂ ಬರೆಯಿರಿ. ತಾಯಂದಿರು ಅವರನ್ನು ಲೆಕ್ಕದಿಂದ ಬಿಟ್ಟಿರುವುದಿಲ್ಲ.

ಬಯಲುಸೀಮೆ, ಉತ್ತರ ಕರ್ನಾಟಕದವರಾದರೆ ಊರಿಗೆ ಹೆಳವರು ಬರುತ್ತಾರಾ ಎಂದು ವಿಚಾರಿಸಿ. ಎತ್ತಿನ ಮೇಲೆ ಬಂದು ಮನೆಮನೆಯ ವಂಶಾವಳಿ ಹೇಳುವುದೇ ಅವರ ಕುಲಕಸುಬು. ನಿಮ್ಮ ಮುತ್ತಜ್ಜನಿಗಿಂತ ಹಿಂದಿನವರು ಎಲ್ಲಿಂದ ವಲಸೆ ಬಂದರು ಅನ್ನುವುದು ಅವರ ಪುಸ್ತಕದಲ್ಲಿರಬಹುದು. ಧಾನ್ಯವೋ ದುಡ್ಡೋ ಮರ್ಯಾದೆಯಿಂದ ಕೊಟ್ಟು ಹೇಳಿಸಿಕೊಳ್ಳಿ.

ಬರೆದಿಡುವುದು

ಎಲ್ಲ ರೆಕಾರ್ಡಿಂಗನ್ನೂ ಅಕ್ಷರಕ್ಕೆ ಇಳಿಸಲು ಹೋದರೆ ಕೆಲಸ ಮುಗಿಯುವುದೇ ಇಲ್ಲ. ಮೊದಲು ಒಂದು ಪುಟದ ಪಟ್ಟಿ ಮಾಡಿ: 12ನೇ ನಿಮಿಷ, ಹಂಡೆ, 31ನೇ ನಿಮಿಷ, ಲಾರಿ ಪ್ರಯಾಣ. ಚೆನ್ನಾಗಿರುವ ಭಾಗ ಮಾತ್ರ ಪೂರ್ತಿ ಬರೆಯಿರಿ. ಫೋನಿನ ಕನ್ನಡ ಧ್ವನಿ ಟೈಪಿಂಗ್ ನಿಮ್ಮ ಮಾತನ್ನು ಹಿಡಿಯುತ್ತದೆ, ಅಜ್ಜಿಯ ಮಾತಿಗೆ ತಡವರಿಸುತ್ತದೆ. ನಾನು ಕಿವಿಗೆ ಇಯರ್‌ಫೋನ್ ಹಾಕಿ ಅಜ್ಜಿಯ ಮಾತನ್ನು ನಾನೇ ಮತ್ತೆ ಹೇಳಿ ಟೈಪ್ ಮಾಡಿಸುತ್ತೇನೆ. ಆಮೇಲೆ ತಿದ್ದುತ್ತೇನೆ.

ತಿದ್ದುವಾಗ ಅವರ ಭಾಷೆಯನ್ನು ಶಾಲೆಗೆ ಕಳಿಸಬೇಡಿ. "ಇಲ್ಲೆ", "ಹೋಗೇನಿ", "ಬತ್ತೀವಿ" ಹಾಗೇ ಇರಲಿ. ತಿಳಿಯದ ಪದಕ್ಕೆ ಕೆಳಗೆ ಅರ್ಥ ಕೊಟ್ಟರಾಯಿತು. ದಣಪೆ ಅಂದರೇನು ಎಂದು ನನ್ನ ಮಗಳಿಗೆ ಈಗಲೇ ಗೊತ್ತಿಲ್ಲ.

ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ. ಕನ್ನಡ ಕಂಡರೆ ಸರಿ.

ಎಲ್ಲಿ ಇಡುವುದು

ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಊರಿನಲ್ಲಿ. ಅಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆ ಇಲ್ಲವೇ ಬೇರೆ ಊರಿನ ತಂಗಿಯ ಮನೆಯಲ್ಲಿ ಒಂದು. ಸಾಮಾನ್ಯ ಗುಣಮಟ್ಟದ ಧ್ವನಿ ಗಂಟೆಗೆ ಸುಮಾರು 60 ಎಂಬಿ ಆಗುತ್ತದೆ. ಗೂಗಲ್ಲಿನ ಉಚಿತ 15 ಜಿಬಿಯಲ್ಲಿ ಬೇರೇನೂ ಇಲ್ಲದಿದ್ದರೆ ಇನ್ನೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆದರೆ ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರಲಿ. ಪೆನ್‌ಡ್ರೈವನ್ನೇ ನಂಬಿ ಕೂರಬೇಡಿ. ಫೋಟೋ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ.

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ: 2025-05-11, ಅಜ್ಜಿ, ಮನೆಯ ನಕ್ಷೆ. ತಾವಾಗಿ ಸಾಲಾಗಿ ಕೂರುತ್ತವೆ.

ಕೊನೆಗೆ ಒಂದಿಷ್ಟನ್ನು ಕಾಗದಕ್ಕೆ ತನ್ನಿ. ನಲವತ್ತು ಪುಟ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್, ಹತ್ತು ಪ್ರತಿ ಸಾಕು. ಕರೆಂಟು, ಪಾಸ್‌ವರ್ಡು ಏನೂ ಬೇಡ, ತೆರೆದರೆ ಆಯಿತು. ಹಿಂದೆ ನಾಲ್ಕು ಖಾಲಿ ಹಾಳೆ ಬಿಡುವುದನ್ನು ಮರೆಯಬೇಡಿ. ನಾನು ಬಿಟ್ಟಿರಲಿಲ್ಲ. ಪುಸ್ತಕ ತಲುಪಿದ ವಾರಕ್ಕೆ ಶಿವಮೊಗ್ಗದ ದೊಡ್ಡಪ್ಪ ಫೋನು ಮಾಡಿ, ನಕ್ಷೆಯಲ್ಲಿ ಬಾವಿ ತಪ್ಪು ಕಡೆ ಇದೆ, ಅದು ಕೊಟ್ಟಿಗೆಯ ಬಲಕ್ಕೆ ಇತ್ತು ಎಂದರು. ಅಜ್ಜಿಗೆ ಹೇಳಿದೆ. "ಅವಂಗೆಂತ ಗೊತ್ತು, ಆಗ ಅಂವ ತೊಟ್ಟಿಲಲ್ಲಿದ್ದ" ಅಂದರು. ಎರಡನ್ನೂ ಚೀಟಿಯಲ್ಲಿ ಬರೆದು ಒಳಗೆ ಅಂಟಿಸಿದ್ದೇನೆ.